ಮರಿ ಕರೆಯುವ ಹಾಡು

ನಮ್ಮ ಹಾಡಿನ ಮೇಷ್ಟ್ರು ಪಲ್ಲವಿ ಎತ್ತಿಕೊಂಡರೆ ಬಿಗಿದ ಕೋಟಿನ ಕಾಲರಿನ ಮೇಲೆ ಅವರ ಗಂಟಲಮಣಿ ಸರ್ರನೆ ಏರುತ್ತಿತ್ತು. ಹೊರಬರುತ್ತಿದ್ದದ್ದು ಮಾತ್ರ ಒಡಕು ದನಿ. ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾವೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವರೂ ನಗುತ್ತಿದ್ದರು. "ನನ್ನ ಗಂಟಲು ಕೆಟ್ಟಿರೋದಕ್ಕೇ ಕಣ್ರೇ ನಿಮ್ಮ ಗಂಟಲು ಬೇಕಾಗಿರೋದು!" ಶ್ರುತಿಗೆ ಎಂದೂ ಸೇರದ ನನ್ನನ್ನೂ ಅವರು ಗುಂಪಿನಿಂದ ಬಿಡಿಸಲಿಲ್ಲ. "ತಪ್ಪಿದ್ರೆ ತಪ್ಲಿ, ಬಾಯಿ ಮುಚ್ಚಬೇಡ" ಎನ್ನುತ್ತಿದ್ದರು.

ನನ್ನ ಪಕ್ಕದಲ್ಲಿ ಕುರಿ ಸಾಕುವವರ ಮನೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ತೀರಿಹೋದ ತಾಯಿ ಸಂಜೆ ಹೊತ್ತು ಮರಿಗಳನ್ನು ಕರೆಯುತ್ತಿದ್ದ ರಾಗವನ್ನು ಅವಳು ಬಿಡುವಿನಲ್ಲಿ ಗುನುಗುತ್ತಿದ್ದಳು. ಅದನ್ನು ಕೇಳಿದ ಮೇಷ್ಟ್ರು ಆ ರಾಗಕ್ಕೇ ಮಾತು ಕಟ್ಟಿದರು: "ಹೊತ್ತು ಮುಳುಗಿತು ಬಾರೋ, ಬಿಳಿಗಾಲ ಮರಿಯೇ..." ಇಡೀ ತರಗತಿಯೇ ಕಲಿಯಿತು; ನಾನಂತೂ ಮನೆಯಲ್ಲೂ ಅದನ್ನೇ ಒದರುತ್ತಿದ್ದೆ.

ಒಂದು ದಿನ ಅವಳ ಅಪ್ಪ ಹೆಗಲ ಮೇಲೊಂದು ಮರಿ ಹೊತ್ತುಕೊಂಡು ಬಾಗಿಲಿಗೆ ಬಂದ.

"ಇವ್ಳು ಓದಿದ್ದು ಸಾಕು ಬುಡಿ ಸ್ವಾಮಿ. ಮಂದೆ ನೋಡ್ಕಳಾಕೆ ಮನೇಲಿ ಯಾರೂ ಇಲ್ಲ."

ಹುಡುಗಿ ಅಳುತ್ತಾ ಸ್ಲೇಟು ಎತ್ತಿಕೊಂಡಳು. ಮೇಷ್ಟ್ರು ವಾದಕ್ಕೆ ಇಳಿಯಲಿಲ್ಲ. "ಆಗ್ಲಪ್ಪ. ನಿನ್ನ ಮಗಳದ್ದೊಂದು ಹಾಡಿದೆ, ಕೇಳಿ ಕರ್ಕೊಂಡು ಹೋಗು" ಎಂದು ನಮಗೆ ಕಣ್ಸನ್ನೆ ಮಾಡಿದರು.

ನಾವು ಹಾಡಿದೆವು. ಆತ ಹೊಸಿಲ ಮೇಲೆ ಹಾಗೆಯೇ ಕೂತ. ನಡುವೆ ಮರಿ ಅರಚಿತು. "ಹಿಂದಿನ ಬೆಂಚಿಗಿಂತ ಇದೇ ವಾಸಿ" ಎಂದರು ಮೇಷ್ಟ್ರು. ಆತ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟ.

"ಇವ್ಳವ್ವ ಕೂಗ್ದಂಗೇ ಐತಲ್ಲ ಸ್ವಾಮಿ! ಇಷ್ಟೊಂದು ಬಾಯಾಗೆ!" ಮರಿಯನ್ನು ಹೆಗಲ ಮೇಲೆ ಸರಿಯಾಗಿ ಕೂರಿಸಿಕೊಂಡು ಎದ್ದು, "ಇರ್ಲಿ ಬುಡಿ, ಮಂದೆ ಎಂಗೋ ನಾನೇ ನೋಡ್ಕತೀನಿ" ಎಂದ.

ಆಮೇಲೆ ಪ್ರತಿ ಸಂತೆಯ ದಿನ ಆತ ಹಾಡು ಕೇಳಲು ನಮ್ಮ ಕಿಟಕಿಯ ಕೆಳಗೇ ಕೂರುತ್ತಿದ್ದ. ಮಗಳು ಲೋಯರ್ ಸೆಕೆಂಡರಿ ಪಾಸು ಮಾಡಿದಳು.

ಮೇಷ್ಟ್ರಿಗೆ ಸಿರಾಕ್ಕೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ, ಮಗಳನ್ನು ಮದುವೆ ಮಾಡಿ ಕಳಿಸಿದ್ದ ಆ ಕುರಿಯವರ ಹುಡುಗಿಯ ಅಪ್ಪ ನಮ್ಮ ಮನೆ ಜಗಲಿಗೆ ಬಂದು ಕೂತ. "ಮೇಷ್ಟ್ರು ಜ್ವರ ಬಂದು ಹೋಗ್ಬುಟ್ರಂತೆ ಕಣವ್ವಾ. ಆ ಹಾಡು ಒಂದ್ಸಲ ಹೇಳವ್ವಾ."

ಶುರು ಮಾಡಿದೆ, ಎರಡನೆಯ ಸಾಲಿಗೆ ನಿಂತುಬಿಟ್ಟೆ. ಆಗ ಅಡುಗೆಮನೆಯಿಂದ ಮುಂದಿನ ಸಾಲು ಕೇಳಿಸಿತು. ಅಮ್ಮ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿ ಹೊರಗೆ ಬಂದು, ಒಂದು ಮಾತೂ ತಪ್ಪದೆ ಕೊನೆಯವರೆಗೆ ಹಾಡಿದಳು. ಶಾಲೆಯ ಮೆಟ್ಟಿಲೇ ಹತ್ತದ ನಮ್ಮಮ್ಮನೂ ಆ ಮೇಷ್ಟ್ರ ಶಿಷ್ಯೆ ಎಂಬುದು ನನಗೆ ಗೊತ್ತಾದದ್ದು ಆವತ್ತೇ.