ಮಿರಜಿಗೆ ಹೋದ ದಿನದ ರೊಟ್ಟಿ

ಬೆಳಗ್ಗೆ ಏಳೂವರೆಯ ಬಸ್ಸಿಗೆ ಅಥಣಿಯಿಂದ ಮಿರಜಿಗೆ ಹೊರಟೆ. ನನ್ನ ವರ್ಕ್‌ಶಾಪಿಗೆ ಹಳೆಯದೊಂದು ಲೇತ್ ಮಷೀನು ಬೇಕಿತ್ತು. ಮಿರಜಿಗೆ ಹೋದ ದಿನ ನಮ್ಮ ಮನೆಯಲ್ಲಿ ರಾತ್ರಿಗೆ ನನ್ನ ಪಾಲಿನ ರೊಟ್ಟಿ ತಟ್ಟುವುದಿಲ್ಲ. ಹತ್ತು ವರ್ಷದ ರೂಢಿ ಅದು. ವ್ಯವಹಾರ ಮುಗಿಸಿ, ಕುಡಿದು, ಅಲ್ಲೇ ಲಾಡ್ಜಿನಲ್ಲಿ ಬಿದ್ದು ಮರುದಿನ ಬರುತ್ತಿದ್ದೆ. ಈಗ ಕುಡಿತ ಬಿಟ್ಟು ನಾಲ್ಕು ತಿಂಗಳಾಗಿತ್ತು. ಆದರೂ ಹೆಂಡತಿ ಸುಜಾತಾ ಬಾಗಿಲಲ್ಲಿ ನಿಂತು ಕೇಳಿದಳು, "ನಾಳೆ ಬರ್ತೀರಿ, ಹೌದಿಲ್ಲೊ?"

"ಇವತ್ತ ಬರ್ತೀನಿ" ಎಂದೆ.

ಮಿರಜ ಸ್ಟ್ಯಾಂಡಿನಿಂದ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಗೆ ರಿಕ್ಷಾದವನು ಇನ್ನೂರು ಕೇಳಿದ. ನೂರಾ ಇಪ್ಪತ್ತಕ್ಕೆ ಬಂದ. ನೀವೂ ಹೋದರೆ ಸ್ಟ್ಯಾಂಡಿನ ಗೇಟಿನಲ್ಲಿ ರಿಕ್ಷಾ ಹತ್ತಬೇಡಿ, ನಾಲ್ಕು ಹೆಜ್ಜೆ ಮುಂದೆ ನಡೆಯಿರಿ.

ಹಳೆ ಮಷೀನು ಮಾರುವ ಅಣ್ಣಾಸಾಬ ಕಾಕಾ ನನ್ನ ಹಳೆಯ ವ್ಯಾಪಾರಿ. ಅವರ ಪದ್ಧತಿ ಒಂದೇ: ಹಗಲು ಮುಕ್ಕಾಲು ಚೌಕಾಸಿ, ಕೊನೆಯ ಮಾತು ಸಂಜೆ ಬಾರಿನಲ್ಲಿ. ಮಷೀನು ತಿರುಗಿಸಿ ನೋಡಿದ್ದಾಯಿತು, ದರ ಒಂದಿಷ್ಟು ಇಳಿಯಿತು. "ಉಳದದ್ದು ಸಂಜೀಕ ಕುಂತ ಮುಗಸೂಣು" ಎಂದರು.

ಇದಕ್ಕೆಂದೇ ಬಸ್ಸಿನಲ್ಲಿ ಒಂದು ಸುಳ್ಳು ತಯಾರು ಮಾಡಿಕೊಂಡಿದ್ದೆ. "ಲಿವರ್ ಕೆಟ್ಟೈತ್ರಿ ಕಾಕಾ. ಡಾಕ್ಟರ್ ಬ್ಯಾಡ ಅಂದಾರ."

"ಯಾವ ಡಾಕ್ಟರ್? ಅಥಣ್ಯಾಂವ? ಮಿರಜಿನ್ಯಾಗ ಓಣಿಗೊಂದ ದೊಡ್ಡ ದವಾಖಾನಿ ಅದಾವ, ಇದನ್ನ ಬಿಟ್ಟ ಅಥಣ್ಯಾಗ ತೋರಸ್ತಾರೇನೊ ಶ್ಯಾಣ್ಯಾ!"

ನಾನು ಬೇಡವೆಂದರೂ ಬಿಡಲಿಲ್ಲ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಿರಜಿನ ಒಂದು ಆಸ್ಪತ್ರೆಗೆ ಒಯ್ದು ಚೀಟಿ ಮಾಡಿಸಿದರು. ಬೆಂಚಿನ ಮೇಲೆ ಕುಳಿತೆವು. ನರ್ಸಮ್ಮ ಬಂದು "ಕಾಯ್ ತ್ರಾಸ್ ಆಹೇ?", ಏನು ತೊಂದರೆ, ಎಂದು ನನ್ನನ್ನು ಕೇಳಿದರೆ, ಕಾಕಾ ಮರಾಠಿಯಲ್ಲಿ ನನ್ನ ಲಿವರಿನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಾನ ಭಾಳ ಕುಡಸಿದ್ನೇನೊ?" ಎಂದರು. ಕಣ್ಣು ನೆಲದ ಮೇಲಿತ್ತು.

ಇನ್ನು ತಡೆಯಲಾಗಲಿಲ್ಲ. "ಏನೂ ಆಗಿಲ್ರಿ ಕಾಕಾ. ನಾನ ಬಿಟ್ಟೀನಿ. ನಿಮಗ ಹೇಳಾಕ ನಾಚಿಕಿ ಬಂತು."

ಕಾಕಾ ಚೀಟಿಯನ್ನು ಮಡಚಿ ಜೇಬಿಗಿಟ್ಟರು. "ಹತ್ತ ವರ್ಷ ಕೂಡಿ ಕುಡದೇವಿ, ಮಗನ. ಒಂದ ಖರೇ ಮಾತ ಹೇಳಾಕ ದವಾಖಾನಿ ಬೇಕಾತ ನಿನಗ!"

ನನ್ನ ಸಲಹೆ: ಎಲ್ಲಿ ಬೇಕಾದರೂ ಕಾಯಿಲೆಯ ನೆಪ ಹೇಳಿ, ಮಿರಜಿನಲ್ಲಿ ಹೇಳಬೇಡಿ.

ಕೊನೆಯ ಚೌಕಾಸಿ ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ, ಸಾಂಗಲಿಯ ಭಡಂಗವೆಂಬ ಖಾರದ ಚುರುಮುರಿ ಮೆಲ್ಲುತ್ತ ನಡೆಯಿತು. ಬಾರಿನಲ್ಲಿ ಎಷ್ಟು ಇಳಿಯುತ್ತಿತ್ತೋ ಅಷ್ಟೇ ಇಳಿಯಿತು, ಬಾರಿನ ಬಿಲ್ಲು ಉಳಿಯಿತು. ಆದರೆ ಹತ್ತು ವರ್ಷ ಬಾರಿನಲ್ಲಿ ಕುಡಿತದ ಜೊತೆ ತಿಂದ ಅದೇ ಭಡಂಗ ಬಾಯಿಗೆ ಬಿದ್ದ ಕೂಡಲೇ ಕೈ ತಾನಾಗಿ ಗ್ಲಾಸು ಹುಡುಕಿತು. ಚಹಾದ ಲೋಟವನ್ನೇ ಗಟ್ಟಿಯಾಗಿ ಹಿಡಿದೆ.

ಆರಕ್ಕೆ ಸ್ಟ್ಯಾಂಡಿಗೆ ಬಿಟ್ಟ ಕಾಕಾ, "ಬರೇ ಕುಂದ್ರಾಕ ಬಾ. ನೀ ಸೋಡಾ ಕುಡಿ" ಎಂದರು. ಎದುರಿಗೇ ನಮ್ಮ ಹಳೆಯ ಬಾರಿನ ದೀಪ ಹತ್ತಿತ್ತು. ಕಾಲು ಆ ಕಡೆ ಒಂದು ಹೆಜ್ಜೆ ಇಟ್ಟಿದ್ದು ನಿಜ. ಅಷ್ಟರಲ್ಲಿ ಅಥಣಿಯ ಬಸ್ಸು ಹೊರಡಲು ಹಿಂದಕ್ಕೆ ಸರಿಯತೊಡಗಿತು. ಓಡಿ ಹತ್ತಿದೆ. ಹೊಸದಾಗಿ ಬಿಟ್ಟವರು ಸೋಡಾದ ಮಾತನ್ನು ನಂಬಬೇಡಿ, ಬಸ್ಸನ್ನು ನಂಬಿ.

ಸೀಟು ಸಿಕ್ಕ ಮೇಲೆ ಮನೆಗೆ ಫೋನು ಮಾಡಿದೆ. "ಎಂಟಕ್ಕ ಊಟಕ್ಕ ಬರ್ತೀನಿ."

ಸುಜಾತಾ ಹೇಳಿದಳು, "ಕಂಡಕ್ಟರ್ ಕೈಯಾಗ ಫೋನ್ ಕೊಡ್ರಿ."

ಕೊಟ್ಟೆ. ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದ್ರಿ ವೈನಿ, ಅಥಣಿ ಬಸ್ಸೇರಿ. ಸರಿಯಾಗೇ ಕುಂತಾರ. ಟಿಕೀಟ ಬ್ಯಾರೆ ಹತ್ತ ರೂಪಾಯಿ ಕಮ್ಮಿ ಮಾಡ ಅಂತ ಗಂಟ ಬಿದ್ದಾರ" ಎಂದ.

ಫೋನು ನನ್ನ ಕೈಗೆ ಬಂದಾಗ ಆ ಕಡೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಎಷ್ಟ ರೊಟ್ಟಿ ತಟ್ಟಲಿ?" ಎಂದಳು.