ಗಾರ್ಡನಿಗೆಂದು ಹೊರಟ ಬಸ್ಸು

ಬಸ್ಸಿನ ಮುಂದೆ ಬ್ಯಾನರ್ ಕಟ್ಟಿದ್ದರು. ‘ಮಹಿಳಾ ಸಂಘದ ಸಸ್ಯೋದ್ಯಾನ ಪ್ರವಾಸ’ ಎಂದು ದಪ್ಪ ಅಕ್ಷರ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು, ಕೂಡಿಸಿ ಕೂಡಿಸಿ ಓದಿದೆ. ಸಸ್ಯ ಎಂದರೆ ಗಿಡ, ಉದ್ಯಾನ ಎಂದರೆ ತೋಟ. ಮಂಗಳೂರಿನ ಆಚೆ ದೊಡ್ಡ ಗಿಡದ ತೋಟವುಂಟು, ಅದನ್ನು ನೋಡಲಿಕ್ಕೆ ಹೋಗುವುದು ಎಂದು ಮೀಟಿಂಗಿನಲ್ಲಿ ನಿಶ್ಚಯವಾಗಿತ್ತು.

ಆ ಮಾತನ್ನು ನಂಬಿಯೇ ನಾನು ಪಕ್ಕದ ಮನೆಯ ಬ್ಯಾರಿ ಹೆಂಗಸನ್ನು ಹೊರಡಿಸಿದ್ದು. ಅವಳೂ ಸಂಘದವಳೇ. ವಾರದ ಮೀಟಿಂಗು ತಪ್ಪಿಸುವವಳಲ್ಲ. ಆದರೆ ಪ್ರವಾಸಕ್ಕೆ ಮಾತ್ರ ಒಮ್ಮೆಯೂ ಬಂದವಳಲ್ಲ. ನಮ್ಮ ಸಂಘದ ಪ್ರವಾಸವೆಂದರೆ ಪ್ರತಿವರ್ಷ ದೇವಸ್ಥಾನ. ನಮಾಜು ಮಾಡುವವಳು ಅಲ್ಲಿಗೆ ಬಂದು ಮಾಡುವುದೇನು? ಈ ಸಲ ಹಾಗಲ್ಲ ಎಂದು ನಾನೇ ಅವಳ ಅಂಗಳಕ್ಕೆ ಹೋಗಿ ಹೇಳಿದೆ.

“ಗಿಡ ನೋಡ್ಲಿಕ್ಕೆ ಮಾತ್ರ ಮಾರಾಯ್ತಿ. ನಾನು ಹೇಳ್ತೇನಲ್ಲ.”

“ಅಲ್ಲಿ ಆ ದೊಡ್ಡ ಎಲೆಯ ತಾವರೆ ಉಂಟಂತೆ ಅಕ್ಕ. ಮಗುವನ್ನು ಕೂರಿಸಿದರೂ ಮುಳುಗುದಿಲ್ಲ ಅಂತೆ.”

“ಮೊಬೈಲಿನಲ್ಲಿ ನೋಡಿದ್ದಾ? ಅದೆಲ್ಲ ಸುಳ್ಳು.”

“ಸುಳ್ಳಾ ಸತ್ಯವಾ ನೋಡುವಾ ಅಂತ,” ಎಂದಳು.

ಅವಳಿಗೆ ತಾವರೆಯ ಹುಚ್ಚು. ಹಾಳಾದ ವಾಷಿಂಗ್ ಮೆಷಿನಿನ ಡಬ್ಬದಲ್ಲಿ, ಒಡೆದ ನೀರಿನ ಟ್ಯಾಂಕಿಯಲ್ಲಿ, ಎಲ್ಲದರಲ್ಲೂ ಕೆಸರು ತುಂಬಿಸಿ ತಾವರೆ ನೆಟ್ಟಿದ್ದಾಳೆ.

ಘಟ್ಟದ ಕೆಳಗಿನ ನಮ್ಮ ಸವಣೂರಿನಿಂದ ಬೆಳಿಗ್ಗೆ ಹೊರಟೆವು. ಗಂಟೆಯಾಗುವ ಮೊದಲೇ ಬಸ್ಸು ಒಂದು ದೇವಸ್ಥಾನದ ಎದುರು ನಿಂತಿತು.

“ಕೈ ಮುಗಿದು ಬರುದು ಅಷ್ಟೇ. ಒಳ್ಳೆ ಕೆಲಸಕ್ಕೆ ಹೊರಟದ್ದಲ್ವಾ?” ಎಂದಳು ಸಂಘದ ಅಧ್ಯಕ್ಷೆ. ಸರಿ, ನಾನೂ ಇಳಿದು ಕೈ ಮುಗಿದು ಬಂದೆ. ಬೇಗ ಬಂದವಳು ನಾನೊಬ್ಬಳೇ. ಉಳಿದವರು ಅರ್ಚನೆ ಮಾಡಿಸಿ, ಬಳೆ ಅಂಗಡಿ ನೋಡಿ, ಚಹಾ ಕುಡಿದು ಬಂದರು. ಪಕ್ಕದ ಮನೆಯವಳು ಬಸ್ಸಿನ ಕಿಟಕಿಯ ಬದಿಗೆ ಕುಳಿತೇ ಇದ್ದಳು.

ಎರಡನೆಯದು ಊಟದ ದೇವಸ್ಥಾನ. ನಮ್ಮವರ ಬುದ್ಧಿಯೇ ಹಾಗೆ. ಪ್ರವಾಸ ಎಲ್ಲಿಗೇ ಇರಲಿ, ಮಧ್ಯಾಹ್ನ ಯಾವ ದೇವಸ್ಥಾನದ ಊಟಕ್ಕೆ ಮುಟ್ಟುವುದೆಂದು ಮೊದಲು ನೋಡುತ್ತಾರೆ. ಅಲ್ಲಿ ಮಹಾಪೂಜೆ ಆಗದೆ ಎಲೆ ಹಾಕುವುದಿಲ್ಲ. ಮಹಾಪೂಜೆ ತಡ. ನಾನು ಇಳಿಯಲಿಲ್ಲ. ಡ್ರೈವರ್ ಎಸಿ ನಿಲ್ಲಿಸಿ ಮರದಡಿ ಮಲಗಿದ. ಬಸ್ಸು ಕಾದ ಕಾವಲಿಯ ಹಾಗಾಯಿತು. ಅವಳು ಡಬ್ಬಿಯಿಂದ ಅಕ್ಕಿರೊಟ್ಟಿ ತೆಗೆದು ಅರ್ಧ ನನಗೆ ಕೊಟ್ಟಳು.

“ನೀವು ಹೋಗಿ ಅಕ್ಕ, ಪಾಯಸ ಇರ್ತದೆ.”

“ಪಾಯಸಕ್ಕೆ ಬೆಂಕಿ ಬೀಳಲಿ,” ಎಂದೆ.

ಊಟ ಮುಗಿಸಿ ಬಂದವರ ಬಾಯಲ್ಲಿ ಪಾಯಸದ್ದೇ ಸುದ್ದಿ. ಮೂರನೆಯ ದೇವಸ್ಥಾನದ ಹತ್ತಿರ ಬಸ್ಸು ನಿಧಾನವಾದಾಗ ನಾನು ಎದ್ದು ನಿಂತೆ. “ಇನ್ನು ನಿಲ್ಲಿಸುದು ಬೇಡ. ಗಾರ್ಡನ್ ಬಾಗಿಲು ಹಾಕ್ತಾರೆ.”

“ದಾರಿಯಲ್ಲೇ ಉಂಟಲ್ಲ ಅಕ್ಕ, ದೇವರನ್ನು ದಾಟಿ ಹೋಗುದಾ? ದೇವರಿಗೆ ಸಿಟ್ಟು ಬರುದಿಲ್ವಾ?” ಎಂದಳು ಅಧ್ಯಕ್ಷೆ. ಬಸ್ಸು ನಿಂತಿತು.

ನಾನು ದಿನಾ ದೀಪ ಹಚ್ಚುವವಳು. ದೇವರ ಮೇಲೆ ನನಗೆ ಸಿಟ್ಟಿಲ್ಲ. ಬಸ್ಸು ನಿಲ್ಲಿಸಿ ಎಂದು ದೇವರು ಹೇಳಿರಲಿಲ್ಲ.

ಗಾರ್ಡನ್ ಮುಟ್ಟುವಾಗ ಟಿಕೆಟಿನವನು ಕಿಟಕಿ ಹಾಕುವುದರಲ್ಲಿದ್ದ. ಹೇಗೋ ಬಿಟ್ಟರು. ತಾವರೆಯ ಕೆರೆ ಎಲ್ಲಿ ಎಂದು ಕೇಳಿದೆ. “ಆಚೆ ತುದಿಯಲ್ಲಿ ಅಜ್ಜಿ. ಬೇಗ ಬನ್ನಿ, ಗೇಟು ಹಾಕ್ಲಿಕ್ಕುಂಟು,” ಎಂದ ಕಾವಲಿನವನು.

ಅಧ್ಯಕ್ಷೆ ಎಲ್ಲರನ್ನೂ ಬಾಗಿಲ ಬಳಿಯ ಹೂವಿನ ಸಾಲಿನ ಮುಂದೆ ನಿಲ್ಲಿಸಿದಳು. “ಇಲ್ಲೇ ಫೋಟೋ ತೆಗೆದು ಹೊರಡುವಾ. ಈಗ ಹೊರಟರೆ ಹೋಗುವ ದಾರಿಯಲ್ಲಿ ದೀಪಾರಾಧನೆ ಸಿಗ್ತದೆ.”

ನಾಲ್ಕನೆಯ ದೇವಸ್ಥಾನ! ನನ್ನ ಮೈಯೆಲ್ಲ ಉರಿಯಿತು. ಪಕ್ಕದ ಮನೆಯವಳು ಆಗಲೇ ಫೋಟೋದ ಸಾಲಿನ ಕೊನೆಗೆ ಹೋಗಿ ತಲೆವಸ್ತ್ರ ಸರಿಮಾಡಿಕೊಳ್ಳುತ್ತಿದ್ದಳು. ಕೈಹಿಡಿದು ಎಳೆದೆ. “ಬಾ ಇಲ್ಲಿ. ಎಲೆ ನೋಡ್ಲಿಕ್ಕೆ ಬಂದದ್ದಾ, ಹಲ್ಲು ತೋರಿಸ್ಲಿಕ್ಕೆ ಬಂದದ್ದಾ?”

ನನ್ನ ಮಂಡಿ ಸರಿಯಿಲ್ಲ. ಆದರೂ ನಡೆದೆ. ಎರಡೂ ಬದಿಗೆ ಎಂತೆಂತಹ ಮರಗಳಿದ್ದವೋ, ಒಂದನ್ನೂ ನೋಡಲಿಲ್ಲ.

ಎಲೆ ಸುಳ್ಳಲ್ಲ. ಅಕ್ಕಿ ಗೇರುವ ಗೆರಸೆಗಿಂತ ಎರಡು ಪಾಲು ಅಗಲ, ಅಡಿಕೆ ಹಾಳೆಯ ತಟ್ಟೆಯ ಹಾಗೆ ಅಂಚು ಮೇಲೆದ್ದಿತ್ತು. ಅವಳು ಕೆರೆಯ ಕಟ್ಟೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಬಗ್ಗಿ, ಒಂದು ಎಲೆಯ ಅಂಚನ್ನು ಬೆರಳಲ್ಲಿ ಎತ್ತಿ ನೋಡಿದಳು.

“ಅಡಿಯಲ್ಲೆಲ್ಲ ಮುಳ್ಳು ಅಕ್ಕ! ಮೀನು ತಿನ್ನದ ಹಾಗೆ ಆಗಿರ್ಬೇಕು.”

ಅಷ್ಟರಲ್ಲಿ ಸೀಟಿ ಊದಿದರು. ನನ್ನ ಫೋನು ಹೊಡೆದುಕೊಳ್ಳಲಿಕ್ಕೆ ಶುರುವಾಯಿತು. ನಾನು ಎತ್ತಲಿಲ್ಲ.

“ಹೋಗುವಾ ಅಕ್ಕ, ಅವರು ಕಾಯ್ತಾ ಇರ್ತಾರೆ.”

“ಕಾಯಲಿ. ಬೆಳಿಗ್ಗೆಯಿಂದ ನೀನು ಮಾಡಿದ್ದು ಎಂತ?”

ಕಾವಲಿನವನು ಅಲ್ಲಿಗೇ ಬಂದು ಗದರಿಸುವವರೆಗೆ ನಾನು ಅವಳನ್ನು ಏಳಲಿಕ್ಕೆ ಬಿಡಲಿಲ್ಲ.

ದೀಪಾರಾಧನೆ ತಪ್ಪಿತು. ಬಸ್ಸಿನಲ್ಲಿ ಎಲ್ಲರ ಮುಖ ಹುಳಿ. ಹಿಂದಿನ ಸೀಟಿನಿಂದ ಒಬ್ಬಳು, “ಒಬ್ಬಳಿಗೋಸ್ಕರ ಇಷ್ಟು ಜನಕ್ಕೆ ದೀಪಾರಾಧನೆ ಇಲ್ಲ,” ಎಂದಳು, ನಮಗೆ ಕೇಳುವ ಹಾಗೆ.

ನಾನು ತಿರುಗಿದೆ. “ಬಸ್ಸಿನ ಮುಂದೆ ಎಂತ ಬರೆದು ಕಟ್ಟಿದ್ದೀರಿ, ಇಳಿದು ಓದಿ ಬಾ. ನೀನು ಡಿಗ್ರಿ ಅಲ್ವಾ? ಮೂರನೇ ಕ್ಲಾಸಿನ ನನಗೆ ಓದ್ಲಿಕ್ಕೆ ಆಗ್ತದೆ.”

ಡಿಗ್ರಿಯವಳು ಮುಖಕ್ಕೆ ಸೆರಗು ಎಳೆದುಕೊಂಡು ಸೀಟಿಗೆ ಒರಗಿದಳು. ಗೆದ್ದೆ ಎಂದುಕೊಂಡೆ.

ಇಳಿದು ಮನೆಯ ದಾರಿ ಹಿಡಿದಾಗ ಅವಳು, “ಎಲೆ ನೋಡಿದ್ದು ಭಾರಿ ಖುಷಿಯಾಯ್ತು. ಆದರೆ ಮುಂದಿನ ಸಲ ನನ್ನನ್ನು ಕರೀಬೇಡಿ ಅಕ್ಕ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತು ಬೈದು ಅಲ್ಲಿಗೇ ಮುಗಿಸುತ್ತಿದ್ದೆ. ಹಾಲು ನಾಳೆ ಬೇಡ ಎನ್ನುವಷ್ಟೇ ಸುಲಭದಲ್ಲಿ ಹೇಳಿ ಗೇಟು ತೆರೆದು ಒಳಗೆ ಹೋದಳು.

ಮೊನ್ನೆಯ ಮೀಟಿಂಗಿನಲ್ಲಿ ಬರುವ ವರ್ಷದ ಪ್ರವಾಸದ ಮಾತು ಬಂತು. ಮುಂದಿನ ಸಲ ಸಮುದ್ರವಂತೆ. “ಊಟ ಯಾವ ದೇವಸ್ಥಾನದಲ್ಲಿ?” ಎಂದು ನಾನೇ ಮೊದಲು ಕೇಳಿದೆ. ಅಧ್ಯಕ್ಷೆಗೆ ನನ್ನ ದನಿಯಲ್ಲಿದ್ದ ಕುಟುಕು ತಿಳಿಯಲಿಲ್ಲ. ಖುಷಿಯಿಂದ ಹೆಸರು ಹೇಳಿದಳು. ನಾನು ಎದ್ದು ಹೊರಗೆ ಬಂದೆ.