ಒಬ್ಬರಿಗಾಗುವ ಕುಕ್ಕರ್

ಡಿಸೈನ್ ಓದು ಮುಗಿಸಿ ಪೀಣ್ಯದ ಪಾತ್ರೆ ಕಾರ್ಖಾನೆಗೆ ಸೇರಿದ ಮೇಲೆ ನಾನು ರೂಪಿಸಿದ ಮೊದಲ ವಸ್ತು, ಒಬ್ಬರಿಗಷ್ಟೇ ಆಗುವ ಪುಟ್ಟ ಕುಕ್ಕರ್. ರೂಮಿನಲ್ಲಿ ಒಬ್ಬಳೇ ಅನ್ನ ಮಾಡಿ, ಮಿಕ್ಕಿದ್ದನ್ನು ಮರುದಿನ ತಿಂದು ಬೇಸತ್ತಾಗ ಹೊಳೆದದ್ದು ಅದು. ಅಂಗಡಿಗೆ ಬಂದಿದೆ ಎಂದು ಗೊತ್ತಾದ ಭಾನುವಾರ ಚಿಕ್ಕಬಾಣಾವರದ ಪಾತ್ರೆ ಅಂಗಡಿಗೆ ಹೋಗಿ, ಏನೋ ಕೊಳ್ಳುವವಳಂತೆ ಅದರ ಪಕ್ಕ ನಿಂತೆ.

ಉತ್ತರ ಕರ್ನಾಟಕದ ಕಡೆಯ ಹೆಂಗಸೊಬ್ಬರು ಬಂದು ಅದನ್ನೇ ಕೈಗೆತ್ತಿಕೊಂಡರು. ನಾನು ಒಂದು ಹೆಜ್ಜೆ ಹತ್ತಿರ ಸರಿದೆ.

"ಛಂದ ಐತಿ. ಎಷ್ಟ್ ಮಂದಿಗಿ ಆಗ್ತೈತ್ರಿ ಇದು?" ನನ್ನನ್ನು ಅಂಗಡಿಯವಳೆಂದುಕೊಂಡು ಕೇಳಿದರು.

"ಒಬ್ರಿಗೆ."

"ಒಬ್ರ ಸಲುವಾಗಿ ಯಾರ್ ಅಡಿಗಿ ಮಾಡ್ತಾರ್ರಿ?"

"ನಾನು ಮಾಡ್ತೀನಿ ಅಕ್ಕ. ಇದನ್ನ ಡಿಸೈನ್ ಮಾಡಿದ್ದೂ ನಾನೇ." ಆ ಮಾತನ್ನು ಯಾರಿಗಾದರೂ ಹೇಳಬೇಕೆಂದು ಬೆಳಗಿನಿಂದ ಕಾದಿದ್ದೆ.

ಅವರು ಕುಕ್ಕರಿನಿಂದ ಕಣ್ಣು ತೆಗೆದು ನನ್ನನ್ನೇ ನೋಡಿದರು. "ಮನ್ಯಾಗ ಯಾರೂ ಇಲ್ಲೇನವ್ವ ನಿನಗ?"

"ಇಲ್ಲಿ ಯಾರೂ ಇಲ್ಲ."

ಅವರು ಕೈಲಿದ್ದ ಪುಟ್ಟ ಕುಕ್ಕರನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು, ಬೇರೆ ಕಂಪನಿಯ ದೊಡ್ಡ ಕುಕ್ಕರ್ ಆರಿಸಿಕೊಂಡರು. "ಒಂದಿನ ಊಟಕ್ಕ ಬಾ, ಇದರಾಗ ಬ್ಯಾಳಿ ಮಾಡ್ತೀನಿ," ಎಂದು ಹೊರಟರು. ಮನೆ ಎಲ್ಲಿ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬರಿಗೈಯಲ್ಲಿ ಮರಳಲು ಮನಸ್ಸಾಗದೆ ನನ್ನ ಕುಕ್ಕರನ್ನು ನಾನೇ ಕೊಂಡೆ. "ಹೊಸ ಮಾಲು ಮೇಡಂ, ನೀವೇ ಮೊದಲನೇ ಗಿರಾಕಿ. ಹೆಂಗಿದೆ ಅಂತ ಬಂದು ಹೇಳಿ," ಎಂದರು ಅಂಗಡಿಯವರು.

ಮುಂದಿನ ಭಾನುವಾರ ಹೋಗಿ ಹೇಳಿ ಬಂದೆ: ಅನ್ನ ಚೆನ್ನಾಗಿ ಆಗುತ್ತದೆ, ಒಬ್ಬರೇ ಇರುವ ರೂಮಿಗೆ ಅದರ ಕೂಗು ಮಾತ್ರ ತುಸು ಜಾಸ್ತಿ.